ಸಂತೆಗುಳಿ ಮುಟ್ಟಲು ಎಷ್ಟು ಹೊತ್ತು?

ಹಿಂದಿನವರು ದೂರವನ್ನು ಅಳೆಯುತ್ತಿದ್ದ ರೀತಿಯಲ್ಲಿ ಒಂದು ಜಾಣತನವಿತ್ತು. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು ದೂರಕ್ಕೆ ‘ಕೂಗಳತೆ’ ಎಂದರು. ಸುಮಾರು ಮೂರು ಮೈಲಿಗೆ ಒಂದು ಹರದಾರಿ, ನಾಲ್ಕು ಹರದಾರಿಗೆ ಒಂದು ಗಾವುದ. ಇವು ಬಾಯಲ್ಲಿ ಹೇಳುವ ಲೆಕ್ಕಗಳು. ನಡೆದು ಹೋಗುವವನಿಗೆ ಬೇಕಾದದ್ದು ಮಾತ್ರ ಬೇರೆಯದೇ. ಕುಮಟಾ ತಾಲೂಕಿನ ಸಂತೆಗುಳಿಯಂಥ, ಗುಡ್ಡ ಮತ್ತು ಅಡಿಕೆ ತೋಟಗಳ ನಡುವಿನ ಊರಿನಲ್ಲಿ ದಾರಿ ಕೇಳಿದರೆ ಇಂದಿಗೂ ಹಿರಿಯರು, “ಒಂದು ಕವಳ ಹಾಕಿ ಮುಗಿಯುವುದರೊಳಗೆ ಮುಟ್ಟುತ್ತೀರಿ” ಎನ್ನುತ್ತಾರೆ. ಏರುದಾರಿಯೋ ಇಳಿದಾರಿಯೋ, ನಡುವೆ ಹಳ್ಳ ಇದೆಯೋ ಇಲ್ಲವೋ, ಎಲ್ಲವೂ ಆ ಕವಳದ ಲೆಕ್ಕದಲ್ಲಿ ಸೇರಿಹೋಗಿರುತ್ತದೆ. ಕಿಲೋಮೀಟರಿನಲ್ಲಿ ಅದು ಸೇರುವುದಿಲ್ಲ.

ದೂರ ಮತ್ತು ಹೊತ್ತು ಒಂದೇ ಅಲ್ಲ ಎಂಬುದು ಈ ಕರಾವಳಿಗೆ ಹೊಸ ಪಾಠವೇನೂ ಅಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದೆ, ಭಾರತದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರೇ ವ್ಯಾಪಾರಿಗಳ ನಡುವೆ ಹುಟ್ಟಿಕೊಂಡಿತು. ಆ ಹತ್ತಿ ಮುಂಬಯಿಯಿಂದ ಇಂಗ್ಲೆಂಡಿಗೆ ಹೋಗಲು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಬೇಕಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಅದೇ ಮುಂಬಯಿ, ಅದೇ ಲಂಡನ್, ಆದರೆ ದಾರಿ ಸಾವಿರಾರು ಕಿಲೋಮೀಟರ್ ಕಡಿಮೆಯಾಯಿತು. ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಬರುವ ಮೊದಲು ದಡದಲ್ಲಿ ಕಾಯುವ ಹೊತ್ತೇ ಪ್ರಯಾಣದ ದೊಡ್ಡ ಪಾಲಾಗಿತ್ತು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದಾಗ ಮುಂಬಯಿಯೇ ಹತ್ತಿರ ಸರಿದು ಬಂದಂತೆ ಕುಮಟಾದ ಜನಕ್ಕೆ ಅನಿಸಿತು. ಊರುಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಬದಲಾದದ್ದು ದಾರಿ ಮತ್ತು ಹೊತ್ತು.

ಈಗ ಸಂತೆಗುಳಿಯಂಥ ಊರುಗಳಿಂದ ಓದಿ ಹೊರಟ ಮಕ್ಕಳು ಮುಂಬಯಿಯಲ್ಲಿ ನಿಲ್ಲುವುದಿಲ್ಲ. ಅಂಥ ಒಂದು ಮನೆಯ ಹಿರಿಯ ಮಗ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಹತ್ತಿರ ಕೆಲಸದಲ್ಲಿದ್ದಾನೆ. ಕಿರಿಯವನು ತೋಟ ನೋಡಿಕೊಂಡು ತಂದೆ-ತಾಯಿಯ ಜೊತೆಗೆ ಉಳಿದವನು. ಅವನ ಮಗಳು ಹೈಸ್ಕೂಲಿನಲ್ಲಿ ಓದುವ ಹುಡುಗಿ. ‘ದೊಡ್ಡಪ್ಪ ಎಷ್ಟು ದೂರದಲ್ಲಿದ್ದಾರೆ?’ ಎಂಬ ಪ್ರಶ್ನೆ ಆ ಮನೆಯಲ್ಲಿ ಮೊದಲು ಎದ್ದದ್ದು 2021ರ ಜನವರಿಯಲ್ಲಿ, ಪೇಪರಿನಲ್ಲಿ ಬಂದ ಒಂದು ಸುದ್ದಿಯಿಂದ.

ಆ ಸುದ್ದಿ ಅನೇಕರಿಗೆ ನೆನಪಿರಬಹುದು. 2021ರ ಜನವರಿ 9ರ ರಾತ್ರಿ ಏರ್ ಇಂಡಿಯದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ವಿಮಾನ ನಡೆಸಿದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವ. ಉತ್ತರ ಧ್ರುವದ ಮೇಲಿನ ದಾರಿ. ಎರಡು ನಗರಗಳ ನಡುವಿನ ಆಕಾಶದೂರ 13,993 ಕಿ.ಮೀ., ಹಾರಾಟದ ಹೊತ್ತು 17 ಗಂಟೆಗೂ ಹೆಚ್ಚು. 1948ರ ಜೂನ್ 8ರಂದು ಏರ್ ಇಂಡಿಯದ ಮೊದಲ ಅಂತರರಾಷ್ಟ್ರೀಯ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಕೈರೊದಲ್ಲಿ ಮತ್ತು ಜಿನೀವಾದಲ್ಲಿ ಇಳಿದು ಹೋಗಬೇಕಾಗಿತ್ತು. ಅದರ ಎರಡು ಪಟ್ಟಿನಷ್ಟು ದೂರವನ್ನು ಒಂದೇ ಹಾರಾಟದಲ್ಲಿ ದಾಟುವುದೆಂದರೆ ಸಣ್ಣ ಮಾತಲ್ಲ. ಈ ಬಗೆಯ ವಿಮಾನದ ತೊಟ್ಟಿಗಳಲ್ಲಿ 1,80,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತದೆ.

ಸುದ್ದಿ ಓದಿದ ಹುಡುಗಿಗೆ ಅನುಮಾನ ಬಂತು. ಗೋಡೆಯ ಭೂಪಟದಲ್ಲಿ ಬೆಂಗಳೂರು ನಡುವೆ ಇದೆ, ಸ್ಯಾನ್ ಫ್ರಾನ್ಸಿಸ್ಕೊ ಎಡತುದಿಯಲ್ಲಿದೆ. ಸ್ಕೇಲು ಇಟ್ಟು ಗೆರೆ ಎಳೆದರೆ ಆಫ್ರಿಕ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತದೆ. ಬಲಗಡೆಯಿಂದ ಹೋದರೆ ಪೆಸಿಫಿಕ್ ಸಾಗರ. ಉತ್ತರ ಧ್ರುವಕ್ಕೆ ಅಲ್ಲೇನು ಕೆಲಸ?

ಶಾಲೆಯ ಗ್ಲೋಬು ಇದಕ್ಕೆ ಉತ್ತರ ಕೊಟ್ಟಿತು. ಭೂಪಟವೆಂದರೆ ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಲು ಹೋದಂತೆ. ಎಲ್ಲೋ ಒಂದು ಕಡೆ ಎಳೆಯಲೇಬೇಕು. ಸಾಮಾನ್ಯ ಭೂಪಟದಲ್ಲಿ ಧ್ರುವದ ಹತ್ತಿರದ ಭಾಗ ವಿಪರೀತ ಎಳೆದುಕೊಂಡಿರುತ್ತದೆ. ಹಾಗಾಗಿ ಅಲ್ಲಿ ಹತ್ತಿರವಿರುವ ಊರುಗಳು ಕಾಗದದ ಮೇಲೆ ದೂರ ದೂರ ಕಾಣುತ್ತವೆ. ಗ್ಲೋಬಿನಲ್ಲಿ ಈ ಮೋಸವಿಲ್ಲ. ಒಂದು ಹೊಲಿಗೆ ದಾರ ತೆಗೆದುಕೊಂಡು, ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ಹಿಡಿದು ಬಿಗಿಯಾಗಿ ಎಳೆದರೆ ದಾರ ತಾನಾಗಿ ಮೇಲಕ್ಕೆ ಸರಿಯುತ್ತದೆ. ಹಿಮಾಲಯ, ಟಿಬೆಟ್, ಸೈಬೀರಿಯ ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಬಿಗಿದ ದಾರ ಸುಳ್ಳು ಹೇಳುವುದಿಲ್ಲ, ಅದು ಹಿಡಿದದ್ದೇ ಅತಿ ಹತ್ತಿರದ ದಾರಿ.

ಲೆಕ್ಕವೂ ಸುಲಭ. 30 ಸೆಂಟಿಮೀಟರ್ ವ್ಯಾಸದ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ದಾರದ ಒಂದು ಸೆಂ.ಮೀ.ಗೆ 425 ಕಿ.ಮೀ. ಹುಡುಗಿಯ ದಾರ 33 ಸೆಂ.ಮೀ. ಬಂತು. ಗುಣಿಸಿದರೆ 14,025 ಕಿ.ಮೀ. ಪೇಪರಿನ 13,993ಕ್ಕೆ ಇದು ಎಷ್ಟು ಹತ್ತಿರ! ಪಿಯುಸಿಗೆ ಬಂದ ಮೇಲೆ ಸೈನ್, ಕೊಸೈನ್ ಬಲ್ಲವರು ಇದನ್ನೇ ಅಕ್ಷಾಂಶ, ರೇಖಾಂಶಗಳಿಂದ ಮಾಡಬಹುದು. ಬೆಂಗಳೂರಿನ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊದ್ದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಭೂಮಿಯ ಕೇಂದ್ರದಲ್ಲಿ ಇವೆರಡರ ನಡುವಿನ ಕೋನ ಸುಮಾರು 126 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ. ಉಳಿದದ್ದು ಮಗ್ಗಿ. ಭೂಪಟದ ಮೇಲೆ ಬಲಕ್ಕೆ ಸ್ಕೇಲಿಟ್ಟು ಎಳೆದ ನೇರ ಗೆರೆಯಲ್ಲೇ ಪೆಸಿಫಿಕ್ ದಾಟಿದರೆ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಸ್ಕೇಲಿನ ಮಾತು ನಂಬಿದವನಿಗೆ ಎರಡು ಸಾವಿರ ಕಿಲೋಮೀಟರಿನ ದಂಡ!

ಹಾಗಾದರೆ ವಿಮಾನ ದಾರದ ಗೆರೆಯ ಮೇಲೆಯೇ ಹೋಗುತ್ತದೆಯೇ? ಅದೂ ಇಲ್ಲ. ಮೊದಲನೆಯ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ತಟ್ಟನೆ ಇಳಿದರೆ ಪೈಲಟ್ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಎರಡನೆಯದು, ಅಪಾಯದಲ್ಲಿ ಇಳಿಯಲು ದಾರಿಯುದ್ದಕ್ಕೂ ಎಲ್ಲಾದರೊಂದು ನಿಲ್ದಾಣ ಸಿಗುವಂತಿರಬೇಕು. ಮೂರನೆಯದು ದೇಶಗಳ ಜಗಳ. ಆಕಾಶಕ್ಕೂ ಬೇಲಿ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯ ತನ್ನ ಆಕಾಶವನ್ನು ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಬಾಗಿಲು ಹಾಕಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಸುತ್ತು ಬಳಸಬೇಕಾಯಿತು. ಅಲ್ಲೆಲ್ಲ ಎರಡು ನಗರಗಳ ನಡುವಿನ ದಾರದ ಉದ್ದ ಬದಲಾಗಲಿಲ್ಲ, ಗಡಿಯಾರದ ಲೆಕ್ಕ ಬದಲಾಯಿತು.

ನಾಲ್ಕನೆಯದು ಗಾಳಿ. ಆ ಮೊದಲ ಹಾರಾಟದ ವೇಳಾಪಟ್ಟಿಯಲ್ಲಿಯೇ ಒಂದು ಕೌತುಕವಿತ್ತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬರಲು 17 ಗಂಟೆ 45 ನಿಮಿಷ. ಬೆಂಗಳೂರಿನಿಂದ ಅಲ್ಲಿಗೆ ಹೋಗಲು 16 ಗಂಟೆ. ಹೋಗುವ ದೂರ, ಬರುವ ದೂರ ಎರಡೂ ಒಂದೇ ಆಗಿರುವಾಗ ಈ ಒಂದೂ ಮುಕ್ಕಾಲು ಗಂಟೆ ಎಲ್ಲಿಂದ ಬಂತು?

ಇದಕ್ಕೆ ಮನೆಯ ಅಜ್ಜ ತಮ್ಮದೇ ಉತ್ತರ ಇಟ್ಟುಕೊಂಡಿದ್ದರು. “ಭೂಮಿ ತಿರುಗುತ್ತಲೇ ಇರುತ್ತದಲ್ಲ, ಕೂಸೇ. ವಿಮಾನ ಮೇಲೆ ಸುಮ್ಮನೆ ನಿಂತುಕೊಂಡರೂ ಅಮೆರಿಕ ತಾನೇ ಕೆಳಗೆ ಬರುತ್ತದೆ. ಇಷ್ಟೆಲ್ಲ ಎಣ್ಣೆ ಯಾಕೆ ಸುಡಬೇಕು?” ಎಂದು ಕವಳ ಜಗಿಯುತ್ತಾ ಕೇಳಿದರು.

ಮೊಮ್ಮಗಳು ಬಿಡಲಿಲ್ಲ. “ಅಜ್ಜ, ಕುಮಟಾ ಬಸ್ಸಿನಲ್ಲಿ ಕೂತು ಒಂದು ಅಡಿಕೆ ಮೇಲೆ ಎಸೆದರೆ ಎಲ್ಲಿ ಬೀಳುತ್ತದೆ?”

“ಕೈಗೇ ಬೀಳುತ್ತದೆ.”

“ಬಸ್ಸು ಮುಂದೆ ಹೋಯಿತಲ್ಲ, ಅಡಿಕೆ ಹಿಂದಿನ ಸೀಟಿನವರ ತಲೆಗೆ ಬೀಳಬೇಕಿತ್ತು.”

ಅಜ್ಜ ನಕ್ಕು ಸೋಲೊಪ್ಪಿಕೊಂಡರು. ಬಸ್ಸಿನೊಳಗಿನ ಅಡಿಕೆಗೆ ಬಸ್ಸಿನ ವೇಗ ಮೊದಲೇ ಇರುವಂತೆ, ನೆಲಬಿಟ್ಟ ವಿಮಾನಕ್ಕೂ ಅದರ ಸುತ್ತಲಿನ ಗಾಳಿಗೂ ಭೂಮಿ ತಿರುಗುವ ವೇಗ ಮೊದಲೇ ಇರುತ್ತದೆ. ಆದ್ದರಿಂದ ಮೇಲೆ ನಿಂತವನ ಕೆಳಗೆ ಅಮೆರಿಕ ಬರುವುದಿಲ್ಲ. ವ್ಯತ್ಯಾಸ ಮಾಡುವುದು ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಬಿರುಗಾಳಿ. ಕೆಲವೊಮ್ಮೆ ಅದು ಗಂಟೆಗೆ 200 ಕಿ.ಮೀ. ಮೀರುತ್ತದೆ. ಬೆಂಗಳೂರಿನಿಂದ ಪೂರ್ವದ ಕಡೆಯಿಂದ ಅಮೆರಿಕಕ್ಕೆ ಹೋಗುವಾಗ ಅದು ಬೆನ್ನಿಗೆ ತಳ್ಳುತ್ತದೆ. ಬರುವಾಗ ಅದನ್ನು ತಪ್ಪಿಸಿಕೊಂಡು ಸುತ್ತುವುದೋ, ಎದುರಿಸುವುದೋ, ಎರಡರಲ್ಲೊಂದು. ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಮಸ್ಯೆ ತಾರೀಖಿನದು. ಆ ಮೊದಲ ವಿಮಾನ ಹೊರಟದ್ದು ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ. ಬೆಂಗಳೂರು ಸೇರುವ ವೇಳೆ 11ರ ಸೋಮವಾರ ಬೆಳಗಿನ ಜಾವ ಮೂರೂಮುಕ್ಕಾಲು. ಹದಿನೆಂಟು ಗಂಟೆಯೂ ಆಗದ ಪ್ರಯಾಣದಲ್ಲಿ ಇಡೀ ಭಾನುವಾರ ಎಲ್ಲಿ ಹೋಯಿತು? ಅದೇ ವಿಮಾನ ಸೋಮವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟರೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದು ಅದೇ ಸೋಮವಾರ ಸಂಜೆ ಐದಕ್ಕೆ! ವೇಳಾಪಟ್ಟಿ ಮಾತ್ರ ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣ ಎನಿಸಬೇಕು. ಸಂತೆಗುಳಿಯಿಂದ ಶಿರಸಿಗೆ ಹೋಗಿ ಬಂದಷ್ಟೂ ಇಲ್ಲ.

ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗ್ರೀನಿಚ್‌ಗಿಂತ ಭಾರತ ಐದೂವರೆ ಗಂಟೆ ಮುಂದೆ, ಕ್ಯಾಲಿಫೋರ್ನಿಯ ಎಂಟು ಗಂಟೆ ಹಿಂದೆ. ಕೂಡಿದರೆ ಹದಿಮೂರೂವರೆ ಗಂಟೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಹನ್ನೆರಡೂವರೆ. ಸಂತೆಗುಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಅಜ್ಜ ಚಾ ಕುಡಿಯುತ್ತಾ ಫೋನು ಮಾಡಿದರೆ ಚಳಿಗಾಲದಲ್ಲಿ ಮಗನಿಗೆ ಅದು ಹಿಂದಿನ ದಿನದ ಸಂಜೆ ಐದೂವರೆ. ಈ ಲೆಕ್ಕ ತಿಳಿಯದೆ ಪೇಚಾಡಿದವರು ಮೊದಲೂ ಇದ್ದರು. ಮೆಗಲನ್ ಹೊರಡಿಸಿದ ಭೂಪ್ರದಕ್ಷಿಣೆಯ ಹಡಗು 1522ರಲ್ಲಿ ಮರಳುವ ದಾರಿಯಲ್ಲಿ ಕೇಪ್ ವರ್ಡಿ ದ್ವೀಪ ಮುಟ್ಟಿದಾಗ, ತಪ್ಪದೆ ದಿನಚರಿ ಬರೆದಿಟ್ಟಿದ್ದ ನಾವಿಕರ ಪುಸ್ತಕದಲ್ಲಿ ಬುಧವಾರ, ದ್ವೀಪದವರ ಬಾಯಲ್ಲಿ ಗುರುವಾರ! ಪಶ್ಚಿಮಕ್ಕೆ ಸೂರ್ಯನ ಜೊತೆ ಸುತ್ತುತ್ತಾ ಅವರ ಒಂದು ದಿನ ಕರಗಿಹೋಗಿತ್ತು.

ಹೀಗೆ ದಾರ, ಗಾಳಿ, ತಾರೀಖು ಎಲ್ಲ ಮಾತಾಡಿ ಮುಗಿದ ಮೇಲೆ ಆ ಮನೆಯಲ್ಲಿ ಒಂದು ನೆಮ್ಮದಿ ಮೂಡಿತು. “ಹದಿನೇಳು ಗಂಟೆ. ಅಂದರೆ ಈಗ ಹೊರಟರೆ ನಾಳೆ ಬಂದ” ಎಂದು ಅಜ್ಜ ಬಂದವರಿಗೆಲ್ಲ ಹೇಳತೊಡಗಿದರು. ಅಮೆರಿಕ ಕೂಗಳತೆಗೆ ಬಂದಿತ್ತು. ಫೋನಿನಲ್ಲಿ ಮಗನ ಮುಖ ಕಾಣುತ್ತಿತ್ತು, ಅವನ ಮನೆಯ ಅಡುಗೆಮನೆ ಕಾಣುತ್ತಿತ್ತು. ದಿನವೂ ಕಾಣುವ ಮುಖ ದೂರದಲ್ಲಿದೆ ಎಂದು ಮನಸ್ಸಿಗೆ ಅನಿಸುವುದಿಲ್ಲ.

ಮುಂದೊಂದು ಚಳಿಗಾಲದ ಶುಕ್ರವಾರ ಬೆಳಗಿನ ಜಾವ ಐದು ಗಂಟೆಗೆ ಅಜ್ಜ ತೀರಿಕೊಂಡರು. ಹಿಂದಿನ ರಾತ್ರಿ ಊಟ ಮಾಡಿ ಮಲಗಿದವರು. ಸುದ್ದಿ ಕ್ಯಾಲಿಫೋರ್ನಿಯಕ್ಕೆ ಮುಟ್ಟಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಲ್ಲಿ ಗುರುವಾರ ಮಧ್ಯಾಹ್ನ ಮೂರೂವರೆ, ಮಗ ಕಚೇರಿಯಲ್ಲಿದ್ದ. “ಕಾಯಿರಿ, ಬರುತ್ತೇನೆ” ಎಂದ.

ಆಮೇಲೆ ಆ ಮನೆಯ ಜಗಲಿಯಲ್ಲಿ ನಡೆದದ್ದು ಒಂದು ಲೆಕ್ಕ. ಹದಿನೇಳು ಗಂಟೆ ಎಂದರೆ ರಾತ್ರಿ ಹತ್ತಕ್ಕೆ ಬಂದಾನು ಎಂದು ನೆರೆಯವರೊಬ್ಬರು ಅಂದರು. ಅಜ್ಜನೇ ಹಬ್ಬಿಸಿದ ಲೆಕ್ಕ ಅದು. ಹುಡುಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದಳು. ಅವಳ ಅಪ್ಪ ಅಣ್ಣನೊಡನೆ ಫೋನಿನಲ್ಲಿ ಮಾತಾಡುತ್ತಾ ಒಂದೊಂದಾಗಿ ಹೇಳಿದ. ನೇರ ವಿಮಾನ ವಾರದಲ್ಲಿ ಕೆಲವೇ ದಿನ. ಆ ರಾತ್ರಿ ಇರಲಿಲ್ಲ. ಗಲ್ಫಿನ ಒಂದು ನಗರದಲ್ಲಿ ಇಳಿದು ಹತ್ತಬೇಕು. ಕಚೇರಿಯಿಂದ ಮನೆ, ಮನೆಯಿಂದ ನಿಲ್ದಾಣ, ತಪಾಸಣೆ: ವಿಮಾನ ಹೊರಡುವವರೆಗೆ ನಾಲ್ಕೂವರೆ ಗಂಟೆ. ಮೊದಲ ಹಾರಾಟ ಹದಿನಾರು ಗಂಟೆ. ನಡುವೆ ಕಾಯುವುದು ಆರು ಗಂಟೆ. ಎರಡನೆಯ ಹಾರಾಟ ನಾಲ್ಕು ಗಂಟೆ. ಬೆಂಗಳೂರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಹೊರಬರಲು ಒಂದೂವರೆ ಗಂಟೆ. ಅಲ್ಲಿಂದ ಕಾರಿನಲ್ಲಿ ಸಂತೆಗುಳಿಗೆ ಹತ್ತು ಗಂಟೆ. ಕೂಡಿಸಿದರೆ ನಲವತ್ತೆರಡು. ಶುಕ್ರವಾರ ಬೆಳಗಿನ ಐದಕ್ಕೆ ನಲವತ್ತೆರಡು ಗಂಟೆ ಸೇರಿಸಿದರೆ ಶನಿವಾರ ರಾತ್ರಿ ಹನ್ನೊಂದು.

ಆ ಚೀಟಿಯನ್ನು ಸಮಾಧಾನದಿಂದ ನೋಡಿದರೆ ಎಷ್ಟೋ ಸಂಗತಿಗಳು ಕಾಣುತ್ತವೆ. ನಲವತ್ತೆರಡು ಗಂಟೆಯಲ್ಲಿ ಗಾಳಿಯಲ್ಲಿ ಹಾರುವುದು ಇಪ್ಪತ್ತು ಗಂಟೆ ಮಾತ್ರ. ಉಳಿದ ಇಪ್ಪತ್ತೆರಡು ಗಂಟೆ ನೆಲದ ಮೇಲಿನದು. ಬೆಂಗಳೂರಿನಿಂದ ಕುಮಟಾದ ಕಡೆಗೆ ಗ್ಲೋಬಿನ ದಾರ ಎಳೆದರೆ 380 ಕಿ.ಮೀ., ಗ್ಲೋಬಿನ ಮೇಲೆ ಒಂದು ಸೆಂಟಿಮೀಟರೂ ತುಂಬುವುದಿಲ್ಲ. ರಸ್ತೆಯಲ್ಲಿ ಅದು 460 ಕಿ.ಮೀ. ಆಸುಪಾಸು. ಒಟ್ಟು ಹದಿನಾರು ಸಾವಿರ ಕಿಲೋಮೀಟರಿನ ಪ್ರಯಾಣದಲ್ಲಿ ಇದು ನೂರಕ್ಕೆ ಮೂರು ಪಾಲು. ಆದರೆ ಹೊತ್ತಿನಲ್ಲಿ ಹೆಚ್ಚುಕಡಿಮೆ ಕಾಲುಭಾಗ! ಗಂಟೆಗೆ ಎಂಟುನೂರು ಕಿ.ಮೀ. ವೇಗದಲ್ಲಿ ಭೂಮಿಯ ಅರ್ಧ ಸುತ್ತಿ ಬಂದವನು ಘಟ್ಟದ ತಿರುವಿನಲ್ಲಿ ಲಾರಿಯ ಹಿಂದೆ ನಿಲ್ಲಲೇಬೇಕು. ರೈಲಾದರೂ ಅಷ್ಟೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ 55 ಕಿ.ಮೀ. ಘಟ್ಟದಲ್ಲಿ ಅದು ತೆವಳಿಕೊಂಡೇ ಇಳಿಯುತ್ತದೆ. ದೂರದ ಊರಿನ ದೂರವೆಲ್ಲ ದೂರದಲ್ಲಿರುವುದಿಲ್ಲ; ಅದರ ದೊಡ್ಡ ಪಾಲು ಮನೆಯ ಹತ್ತಿರವೇ ಇರುತ್ತದೆ.

ಜಗಲಿಯಲ್ಲಿದ್ದವರು ಇಬ್ಭಾಗವಾದರು. ಹಿರಿಯ ಮಗನೇ ಬೆಂಕಿ ಕೊಡಬೇಕು, ಪೇಟೆಯಿಂದ ಶೀತಪೆಟ್ಟಿಗೆ ತರಿಸಿ ಇಟ್ಟುಕೊಳ್ಳೋಣ ಎಂದರು ಕೆಲವರು. ಎರಡು ರಾತ್ರಿ ಕಳೆಯಬೇಕಲ್ಲ ಎಂದರು ಕೆಲವರು. ಕಿರಿಯ ಮಗ ಏನೂ ಹೇಳಲಿಲ್ಲ. ಅವನು ಹೇಳುವಂತೆಯೂ ಇರಲಿಲ್ಲ. ಬೇಡ ಎಂದರೆ ಅಣ್ಣನನ್ನು ಬಿಟ್ಟಂತೆ, ಕಾಯೋಣ ಎಂದರೆ ಅಪ್ಪನನ್ನು ಕಾಯಿಸಿದಂತೆ.

ಒಳಗಿದ್ದ ಅಜ್ಜಿ ಮೊಮ್ಮಗಳನ್ನು ಕರೆದು ಕೇಳಿದರು. “ಅವ ಎಷ್ಟು ಹೊತ್ತಿಗೆ ಮುಟ್ಟುತ್ತಾನೆ, ಸರಿಯಾಗಿ ಹೇಳು.”

“ನಾಳೆ ರಾತ್ರಿ ಹನ್ನೊಂದಕ್ಕೆ, ಅಜ್ಜಿ. ಎಲ್ಲ ಸರಿಯಾಗಿ ನಡೆದರೆ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನು ಕೇಳಿ ಪಡೆದು ಮಗನಿಗೇ ಹೇಳಿದರು: “ರಾತ್ರಿ ಹನ್ನೊಂದು ಅಂದರೆ ನಾಡಿದ್ದು ಬೆಳಿಗ್ಗೆಯೇ ಆಯಿತಲ್ಲ, ತಮ್ಮಾ. ಅಷ್ಟು ಹೊತ್ತು ಅವರನ್ನು ಹೀಗೆ ಮಲಗಿಸುವುದು ಬೇಡ. ನೀನೂ ಉಸಿರು ಕಟ್ಟಿಕೊಂಡು ಓಡಿ ಬರುವುದು ಬೇಡ. ತಮ್ಮ ಇದ್ದಾನೆ, ಅವ ಮಾಡುತ್ತಾನೆ. ನೀನು ನೇರ ಬರುವ ವಿಮಾನಕ್ಕೇ ಬಾ. ಮೂರು ದಿನ ಇದ್ದು ಹೋಗುವ ಹಾಗೆ ಬರಬೇಡ.”

ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ, “ಆಯಿತು, ಆಯಿ” ಎಂಬ ಒಂದೇ ಮಾತು.

ಆ ಮಧ್ಯಾಹ್ನ ಎರಡು ಗಂಟೆಗೆ ತೋಟದಾಚೆಯ ಬೇಣದಲ್ಲಿ ಕಿರಿಯ ಮಗ ಬೆಂಕಿ ಕೊಟ್ಟ. ನೆಂಟರ ಹುಡುಗನೊಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಅಲ್ಲಿ ನಡುರಾತ್ರಿ ಹನ್ನೆರಡೂವರೆ. ಹಿರಿಯ ಮಗ ಒಬ್ಬನೇ ಕೂತು ನೋಡಿದ. ಧ್ವನಿ ಕೇಳುತ್ತಿತ್ತು, ಹೊಗೆ ಕಾಣುತ್ತಿತ್ತು, ಕೈ ಮಾತ್ರ ಮುಟ್ಟುತ್ತಿರಲಿಲ್ಲ. ಕೂಗಳತೆ ಎಂಬ ಮಾತಿನ ಮಿತಿ ಆ ಮನೆಯವರಿಗೆ ಅಂದು ತಿಳಿಯಿತು. ಫೋನು ಕೂಗನ್ನು ಹತ್ತಿರ ತಂದಿದೆ, ಮನುಷ್ಯನನ್ನು ತಂದಿಲ್ಲ.

ಶುಕ್ರವಾರ ರಾತ್ರಿ ಎಂಟೂವರೆಯ ವಿಮಾನ ಹತ್ತಿದ ಮಗ ಬೆಂಗಳೂರಿನಲ್ಲಿ ಇಳಿದದ್ದು ಭಾನುವಾರ ಬೆಳಗಿನ ಜಾವ. ಅವನ ಪಾಲಿಗೆ ಆ ವಾರ ಶನಿವಾರ ಬರಲೇ ಇಲ್ಲ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಸಂತೆಗುಳಿ ಮುಟ್ಟಿ, ಮುಂದಿನ ಕ್ರಿಯೆಗಳಿಗೆಲ್ಲ ತಮ್ಮನ ಜೊತೆ ಕೂತ. ಆಗ ಹುಡುಗಿಗೆ ಇನ್ನೊಂದು ಸಂಶಯ ಹುಟ್ಟಿತು. ಅಜ್ಜ ಹೋದದ್ದು ಇಲ್ಲಿ ಶುಕ್ರವಾರ, ದೊಡ್ಡಪ್ಪನಿಗೆ ತಿಳಿದದ್ದು ಗುರುವಾರ. ಹತ್ತನೆಯ ದಿನ ಯಾವ ಲೆಕ್ಕದಲ್ಲಿ? ಮನೆಯ ಪುರೋಹಿತರು, “ಹೋದವರ ಊರಿನ ಹೊತ್ತೇ ಹೊತ್ತು, ಮಗೂ” ಎಂದು ಮುಗಿಸಿದರು. ಬರುವ ವರ್ಷ ದೊಡ್ಡಪ್ಪ ಅಲ್ಲೇ ಶ್ರಾದ್ಧ ಮಾಡಬೇಕಾಗಿ ಬಂದರೆ? ಅಲ್ಲಿಯೂ ವಿಜ್ಞಾನವಿದೆ. ತಿಥಿಯೆಂದರೆ ಸೂರ್ಯ ಮತ್ತು ಚಂದ್ರರ ನಡುವಿನ ಕೋನ. 12 ಡಿಗ್ರಿಗೆ ಒಂದು ತಿಥಿ. ಅದು ಜಗತ್ತಿಗೆಲ್ಲ ಒಂದೇ ಕ್ಷಣಕ್ಕೆ ಶುರುವಾಗುತ್ತದೆ. ಆ ಕ್ಷಣದಲ್ಲಿ ಒಂದೊಂದು ಊರಿನ ಗಡಿಯಾರ ಒಂದೊಂದು ಹೊತ್ತು ತೋರಿಸುತ್ತದೆ. ಒಂದೊಂದು ಊರಿನಲ್ಲಿ ಸೂರ್ಯ ಹುಟ್ಟುವ ಹೊತ್ತೂ ಬೇರೆ. ಆದ್ದರಿಂದ ಕ್ಯಾಲಿಫೋರ್ನಿಯದಲ್ಲಿ ಇರುವವರು ಅಲ್ಲಿಯ ಹೊತ್ತಿಗೆ ಲೆಕ್ಕ ಹಾಕಿದ ಪಂಚಾಂಗ ನೋಡಬೇಕು. ಕುಮಟಾದಲ್ಲಿ ಕೊಂಡದ್ದು ಅಲ್ಲಿಗೆ ಹೊಂದುವುದಿಲ್ಲ.

ಮಕ್ಕಳನ್ನು ದೂರ ಕಳಿಸುವ ತಂದೆ-ತಾಯಿಗಳು ಈಗ ಊರೂರಿನಲ್ಲಿಯೂ ಇದ್ದಾರೆ. ಸೀಟು ಸಿಕ್ಕಿತೇ, ಸಾಲ ಸಿಕ್ಕಿತೇ, ಸಂಬಳ ಎಷ್ಟು ಎಂಬುದನ್ನೆಲ್ಲ ವಿಚಾರಿಸುತ್ತಾರೆ. ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು ಎಂದು ಕೇಳುವವರು ಕಡಿಮೆ. ಕೇಳಿಕೊಳ್ಳುವುದು ಒಳ್ಳೆಯದು, ಅದೂ ಎಲ್ಲರೂ ನಗುತ್ತಾ ಇರುವ ದಿನದಲ್ಲಿ. ವಿಮಾನ ವಾರಕ್ಕೆ ಎಷ್ಟು ದಿನ, ಇಲ್ಲದ ದಿನ ಯಾವ ದಾರಿ, ಬೆಂಗಳೂರಿಗೆ ಬಂದರೆ ಹತ್ತಿರವೋ ಗೋವಾದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇಳಿದರೆ ಹತ್ತಿರವೋ, ಇಳಿದವನನ್ನು ಕರೆತರಲು ಯಾರಿದ್ದಾರೆ, ಎಲ್ಲವೂ ಪ್ರಯಾಣದ ಭಾಗವೇ. ಕಾಗದಪತ್ರವೂ ಅಷ್ಟೆ. ಅಮೆರಿಕದಲ್ಲಿ ಕೆಲಸದ ವೀಸಾದ ಮೇಲೆ ಇರುವವರಲ್ಲಿ ಎಷ್ಟೋ ಮಂದಿಗೆ ಹೊರಬರುವುದು ಸುಲಭ. ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮತ್ತೆ ಒಳಹೋಗಲು ಹೊಸ ಮುದ್ರೆ ಬೇಕು. ಅದಕ್ಕೆ ವಾರಗಳೋ ತಿಂಗಳುಗಳೋ ಹಿಡಿಯಬಹುದು. ಅಂಥವರ ಪಾಲಿಗೆ ಊರಿನ ದೂರ ಕಿಲೋಮೀಟರಿನಲ್ಲೂ ಇಲ್ಲ, ಗಂಟೆಯಲ್ಲೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬರಲಾಗದಿದ್ದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಆಡಿಕೊಂಡಿರಬೇಕು. ಅಪಶಕುನವೆಂದು ಮಾತು ತೇಲಿಸಿಬಿಟ್ಟರೆ, ಆ ಭಾರವೆಲ್ಲ ಆ ದಿನ ಜಗಲಿಯಲ್ಲಿ ನಿಂತವನ ಹೆಗಲಿಗೆ ಬೀಳುತ್ತದೆ. ಸಂತೆಗುಳಿಯ ಆ ಮನೆಯಲ್ಲಿ ಅಜ್ಜಿ ಬಾಯಿಬಿಟ್ಟು ಹೇಳಿದ್ದರಿಂದ ಅಣ್ಣ-ತಮ್ಮಂದಿರ ನಡುವೆ ಮಾತು ಉಳಿಯಲಿಲ್ಲ. ಈಗ ಅಲ್ಲಿಯ ಕಪಾಟಿನ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿದ್ದಾರೆ. ಹುಡುಗಿಯ ಕೈಬರಹ. ಎರಡು ಕಲಂ: ದೂರ, ಹೊತ್ತು. ವಿಮಾನದ ವೇಳೆ ಬದಲಾದಾಗಲೆಲ್ಲ ಎರಡನೆಯ ಕಲಮನ್ನು ಅಳಿಸಿ ಬರೆಯುತ್ತಾಳೆ. ಮೊದಲನೆಯದನ್ನು ಒಮ್ಮೆಯೂ ಅಳಿಸಬೇಕಾಗಿ ಬಂದಿಲ್ಲ.

ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೂ ಇದನ್ನು ಮಾಡಿ ನೋಡಬಹುದು. ಮನೆಯವರು ಯಾರಾದರೂ ದೂರದ ಊರಿನಲ್ಲಿದ್ದರೆ, ದುಬೈಯಾಗಲಿ, ಪುಣೆಯಾಗಲಿ, ಸಿಡ್ನಿಯಾಗಲಿ, ಶಾಲೆಯ ಗ್ಲೋಬಿನ ಮೇಲೆ ದಾರ ಎಳೆದು ಮೊದಲ ಕಲಂ ತುಂಬಿ. ದಾರ ಭೂಪಟದ ಗೆರೆಯನ್ನು ಬಿಟ್ಟು ಯಾವ ಕಡೆ ಸರಿಯಿತು ಎಂದು ಗಮನಿಸಿ. ಎರಡನೆಯ ಕಲಂ ತುಂಬಲು ಗ್ಲೋಬು ಸಾಲದು. ಆ ಊರಿನಲ್ಲಿರುವವರಿಗೆ ಒಂದು ಫೋನು ಮಾಡಿ, ಮನೆಯ ಬಾಗಿಲು ಹಾಕಿದಲ್ಲಿಂದ ಹಿಡಿದು ಒಂದೊಂದಾಗಿ ಕೇಳಿ ಬರೆದುಕೊಳ್ಳಬೇಕು. ಫೋನು ಮಾಡುವ ಮೊದಲು ಅಲ್ಲಿ ಹೊತ್ತೆಷ್ಟು ಎಂದು ಲೆಕ್ಕ ಹಾಕಲು ಮಾತ್ರ ಮರೆಯಬೇಡಿ.